ಜೀವಶಾಸ್ತ್ರದ ತರಗತಿಗೆ ಜೀವ ತುಂಬುವವರು ಯಾರು?

ಪದವಿ ಮೂರು ವರ್ಷದ್ದಾಗಿರಬೇಕೋ ನಾಲ್ಕು ವರ್ಷದ್ದಾಗಿರಬೇಕೋ ಎಂಬ ವಾದ-ಪ್ರತಿವಾದದಲ್ಲಿಯೇ ರಾಜ್ಯದ ಉನ್ನತ ಶಿಕ್ಷಣ ಕ್ಷೇತ್ರ ಹಲವು ವರ್ಷಗಳನ್ನು ಕಳೆದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಜಾರಿಗೆ 2021ರ ಆಗಸ್ಟ್‌ನಲ್ಲಿ ದೇಶದಲ್ಲೇ ಮೊದಲು ಆದೇಶ ಹೊರಡಿಸಿದ ಕರ್ನಾಟಕ, 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಯುಜಿಸಿಯ ಮಾಜಿ ಅಧ್ಯಕ್ಷ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ಅಂತಿಮ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು. ಈ ಅವಧಿಯುದ್ದಕ್ಕೂ ವರ್ಷಗಳ ಲೆಕ್ಕ ನಡೆಯಿತು, ವಿಷಯಗಳ ಸಂಖ್ಯೆಯ ಲೆಕ್ಕ ನಡೆಯಿತು, ಭಾಷೆಗಳ ಬಗ್ಗೆ ವಾಗ್ವಾದ ನಡೆಯಿತು. ಆದರೆ ಒಂದು ಪ್ರಥಮ ದರ್ಜೆ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ನಿಜಕ್ಕೂ ಏನು ಮಾಡುತ್ತಾನೆ ಎಂಬ ಪ್ರಶ್ನೆ ಮಾತ್ರ ಯಾವ ವೇದಿಕೆಯಲ್ಲೂ ಗಂಭೀರವಾಗಿ ಚರ್ಚೆಗೆ ಬರಲಿಲ್ಲ.

ಈ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಸೀಟು ಕೈತಪ್ಪಿದವರು, ಎಂಜಿನಿಯರಿಂಗ್ ಶುಲ್ಕ ಭರಿಸಲಾಗದವರು, ಊರಿನ ಸಮೀಪದ ಕಾಲೇಜೊಂದೇ ಗತಿಯೆಂದುಕೊಂಡ ಹೆಣ್ಣುಮಕ್ಕಳು ಹೀಗೆ ನಾನಾ ಕಾರಣಗಳಿಂದ ಬಿ.ಎಸ್ಸಿ. ಜೀವಶಾಸ್ತ್ರದ ತರಗತಿಗೆ ಬಂದು ಕುಳಿತಿರುತ್ತಾರೆ. ಬಹುಪಾಲು ಮಂದಿಗೆ ಅದು ಮೊದಲ ಆಯ್ಕೆಯಲ್ಲ. ಆ ಮೂರು ವರ್ಷಗಳಲ್ಲಿ ವಿಷಯದ ಮೇಲೆ ಪ್ರೀತಿ ಹುಟ್ಟಿದರೆ ಅವರಲ್ಲಿ ಕೆಲವರು ಸಂಶೋಧಕರಾಗುತ್ತಾರೆ, ಹಲವರು ಒಳ್ಳೆಯ ಶಿಕ್ಷಕರಾಗುತ್ತಾರೆ. ಹುಟ್ಟದಿದ್ದರೆ ಪದವಿ ಪ್ರಮಾಣಪತ್ರವೊಂದು ಕಡತಕ್ಕೆ ಸೇರುತ್ತದೆ. ಅದೇ ಬೇಸರ ಮುಂದೆ ಪ್ರೌಢಶಾಲೆಯ ಮಕ್ಕಳಿಗೆ ವರ್ಗಾವಣೆಯಾಗುತ್ತದೆ.

ಪಠ್ಯಕ್ರಮ ಬದಲಾಯಿತು, ಪಾಠ ಬದಲಾಗಲಿಲ್ಲ

2020ರಲ್ಲಿ ಪದವಿಗೆ ಸೇರಿದವರು ಹಳೆಯ ಪಠ್ಯಕ್ರಮ ಓದಿದರು. 2021ರಿಂದ ಮೂರು ವರ್ಷ ಸೇರಿದವರಿಗೆ ರಾಷ್ಟ್ರೀಯ ನೀತಿಯ ಪಠ್ಯಕ್ರಮ ಬಂದಿತು. 2024ರಲ್ಲಿ ಸೇರಿದವರಿಗೆ ಮತ್ತೊಂದು. ಅಂದರೆ ಕೇವಲ ನಾಲ್ಕು ವರ್ಷಗಳ ಅಂತರದಲ್ಲಿ ಅಧ್ಯಾಪಕರು ಮೂರು ಬಗೆಯ ಪಠ್ಯಕ್ರಮಗಳಿಗೆ ಹೊಂದಿಕೊಳ್ಳಬೇಕಾಯಿತು. ಪ್ರತಿ ಬಾರಿಯೂ ಘಟಕಗಳ ಶೀರ್ಷಿಕೆಗಳು ಬದಲಾದವು, ಅಂಕಗಳ ಹಂಚಿಕೆ ಬದಲಾಯಿತು, ಪುಸ್ತಕಗಳ ಮುಖಪುಟ ಬದಲಾಯಿತು. ಬದಲಾಗದೆ ಉಳಿದದ್ದು ಬೋಧನೆಯ ಕ್ರಮ: ಅಧ್ಯಾಪಕರು ಟಿಪ್ಪಣಿ ಹೇಳುವುದು, ವಿದ್ಯಾರ್ಥಿಗಳು ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ಮರಳಿ ಬರೆಯುವುದು.

ಪ್ರಾಯೋಗಿಕ ತರಗತಿಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಒಂದು ಕಾಲಕ್ಕೆ ಪ್ರಾಣಿಶಾಸ್ತ್ರವೆಂದರೆ ಕಪ್ಪೆ, ಜಿರಳೆ, ಎರೆಹುಳುಗಳ ಛೇದನವೆಂದೇ ಅರ್ಥ. ಪ್ರಾಣಿಹಿಂಸೆ ಹಾಗೂ ವನ್ಯಜೀವಿಗಳ ನಾಶದ ಕುರಿತ ಆಕ್ಷೇಪಗಳ ಹಿನ್ನೆಲೆಯಲ್ಲಿ ಯುಜಿಸಿ 2011ರಲ್ಲಿ ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡುವ ಮಾರ್ಗಸೂಚಿ ಹೊರಡಿಸಿತು; 2014ರಲ್ಲಿ ಅದನ್ನು ಸಂಪೂರ್ಣವಾಗಿ ನಿಲ್ಲಿಸುವಂತೆ ಸೂಚಿಸಿತು. ಆ ನಿರ್ಧಾರ ಸರಿಯಾದದ್ದೇ. ಆದರೆ ತೆರವಾದ ಜಾಗವನ್ನು ಜೀವಂತ ಪ್ರಾಣಿಗಳ ವೀಕ್ಷಣೆಯಾಗಲಿ, ಕ್ಷೇತ್ರಾಧ್ಯಯನವಾಗಲಿ ತುಂಬಬೇಕಿತ್ತು. ಬಹುತೇಕ ಕಡೆ ಅದನ್ನು ತುಂಬಿದ್ದು ಗೋಡೆಯ ಚಾರ್ಟು, ಫಾರ್ಮಲಿನ್ ಸೀಸೆಯೊಳಗಿನ ಹಳೆಯ ಮಾದರಿಗಳು ಮತ್ತು ಹಿಂದಿನ ವರ್ಷದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕ. ಚಿತ್ರದಿಂದ ಚಿತ್ರ ನಕಲು ಮಾಡುವುದೇ ಪ್ರಯೋಗವೆನಿಸಿಕೊಂಡಿತು. ಜೀವಿಗಳ ಅಧ್ಯಯನದಿಂದ ಜೀವಿಯೇ ಹೊರಬಿದ್ದಂತಾಯಿತು.

ಉಪನ್ಯಾಸದ ಮಿತಿ

ವಿದ್ಯಾರ್ಥಿಗಳನ್ನು ತರಗತಿಯಲ್ಲಿ ತೊಡಗಿಸಿಕೊಳ್ಳುವುದು ಉತ್ಸಾಹಿ ಅಧ್ಯಾಪಕರ ಹವ್ಯಾಸವೆಂದು ಭಾವಿಸುವವರಿದ್ದಾರೆ. ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಅಧ್ಯಾಪಕ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪದವಿ ತರಗತಿಗಳಿಗೆ ಸಂಬಂಧಿಸಿದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ವಿಶ್ಲೇಷಣೆಯೊಂದನ್ನು ಪ್ರಕಟಿಸಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಅನುತ್ತೀರ್ಣರ ಪ್ರಮಾಣ ಶೇ 33.8ರಷ್ಟಿತ್ತು. ಪ್ರಶ್ನೆ, ಚರ್ಚೆ, ಗುಂಪು ಚಟುವಟಿಕೆಗಳ ಮೂಲಕ ಕಲಿತವರಲ್ಲಿ ಅದು ಶೇ 21.8ಕ್ಕೆ ಇಳಿದಿತ್ತು. ಚಿಕ್ಕ ತರಗತಿಗಳಲ್ಲಿ ಪರಿಣಾಮ ಹೆಚ್ಚು. ಆದರೆ ದೊಡ್ಡ ತರಗತಿಗಳಲ್ಲೂ ಅದು ಕಾಣಿಸಿತು.

ಅದೇ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ ನಮ್ಮ ಸಂದರ್ಭಕ್ಕೆ ಇನ್ನಷ್ಟು ಪ್ರಸ್ತುತ. ಅಲ್ಲಿನ ಹಿಂದುಳಿದ ಸಮುದಾಯಗಳ ಮತ್ತು ಬಡ ಕುಟುಂಬಗಳ ವಿದ್ಯಾರ್ಥಿಗಳಿಗೂ ಉಳಿದವರಿಗೂ ಪರೀಕ್ಷಾ ಅಂಕಗಳಲ್ಲಿದ್ದ ಅಂತರ ಇಂತಹ ತರಗತಿಗಳಲ್ಲಿ ಶೇ 33ರಷ್ಟು ತಗ್ಗಿತು. ತೇರ್ಗಡೆಯಲ್ಲಿದ್ದ ಅಂತರ ಶೇ 45ರಷ್ಟು ಕಿರಿದಾಯಿತು. ಅಮೆರಿಕದ ಅಂಕಿಗಳನ್ನು ಇಲ್ಲಿಗೆ ಯಥಾವತ್ ಅನ್ವಯಿಸಲಾಗದು, ನಿಜ. ಆದರೂ ಅದರ ತಿರುಳು ಸ್ಪಷ್ಟ. ಮನೆಯಲ್ಲಿ ಓದಿನ ವಾತಾವರಣವಿರುವ ವಿದ್ಯಾರ್ಥಿ ನೀರಸ ಉಪನ್ಯಾಸದಿಂದಲೂ ಹೇಗೋ ಪಾರಾಗುತ್ತಾನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಟಿಪ್ಪಣಿಗಳನ್ನು ಎದುರಿಸುವ ಗ್ರಾಮೀಣ ವಿದ್ಯಾರ್ಥಿಗೆ ಆ ಭಾಗ್ಯವಿಲ್ಲ. ಬೋಧನೆಯ ಕ್ರಮ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಹೌದೆಂಬುದನ್ನು ನೀತಿ ನಿರೂಪಕರು ಗಮನಿಸಬೇಕು.

ಕೊಳೆತ ಬದನೆಕಾಯಿಯ ಪಾಠ

ಪದವಿ ವಿದ್ಯಾರ್ಥಿಯಿಂದ ನಿಜವಾದ ಸಂಶೋಧನೆ ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರವಾಗಿ ನಿಲ್ಲುವ ಒಂದು ಪ್ರಕರಣವಿದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಅಥವಾ ಫೇಜ್ ಎಂದು ಹೆಸರು. ಹಿತ್ತಲ ಮಣ್ಣಿನ ಪ್ರತಿ ಹಿಡಿಯಲ್ಲೂ ಇವು ಇರುತ್ತವೆ. ಬಹುಪಾಲು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರು ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನೊಂದಿಗೆ 2008ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿದರು. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳು ತಮಗೆ ಬೇಕಾದ ಕಡೆಯಿಂದ ಮಣ್ಣು ತಂದು, ಅದರಿಂದ ಫೇಜ್ ಪ್ರತ್ಯೇಕಿಸಿ, ಅದಕ್ಕೆ ಹೆಸರಿಟ್ಟು, ಅದರ ವಂಶವಾಹಿಯನ್ನು ವಿಶ್ಲೇಷಿಸುವುದು ಈ ಕಾರ್ಯಕ್ರಮದ ತಿರುಳು. ಪ್ರಯೋಗಕ್ಕೆ ಬಳಸುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ರೋಗ ತರದ ತಳಿ. ಹೀಗಾಗಿ ಅಪಾಯವೂ ಕಡಿಮೆ.

2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬರು ಕೊಳೆತ ಬದನೆಕಾಯಿಯೊಂದರ ಅಡಿಭಾಗದಿಂದ ಒಂದು ಫೇಜ್ ಪತ್ತೆಹಚ್ಚಿದರು. ‘ಮಡ್ಡಿ’ ಎಂಬ ಹೆಸರಿನೊಂದಿಗೆ ಅದು ಹ್ಯಾಟ್‌ಫುಲ್ ಅವರ ಸಂಗ್ರಹ ಸೇರಿತು. ವರ್ಷಗಳ ನಂತರ ಲಂಡನ್ನಿನಲ್ಲಿ ಶ್ವಾಸಕೋಶ ಕಸಿಗೆ ಒಳಗಾಗಿದ್ದ 15 ವರ್ಷದ ರೋಗಿಯೊಬ್ಬಳಿಗೆ ಯಾವ ಆ್ಯಂಟಿಬಯೋಟಿಕ್‌ಗೂ ಬಗ್ಗದ ಸೋಂಕು ತಗುಲಿತು. ಆಗ ವೈದ್ಯರು ಮೂರು ಫೇಜ್‌ಗಳ ಮಿಶ್ರಣ ನೀಡಿದರು. ಅವುಗಳಲ್ಲಿ ಎರಡನ್ನು ತಳಿ ಎಂಜಿನಿಯರಿಂಗ್‌ನಿಂದ ಮಾರ್ಪಡಿಸಲಾಗಿತ್ತು. ‘ಮಡ್ಡಿ’ ಆ ಮೂರರಲ್ಲಿ ಒಂದು. ರೋಗಿಯ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. 2019ರಲ್ಲಿ ಪ್ರಕಟವಾದ ಈ ವರದಿ ವೈದ್ಯಲೋಕದ ಗಮನ ಸೆಳೆಯಿತು.

ಕಾಲೇಜು ಪ್ರಯೋಗಾಲಯದ ಕೆಲಸವೆಲ್ಲ ಆಸ್ಪತ್ರೆ ತಲುಪುತ್ತದೆಂಬುದು ಈ ಪ್ರಕರಣದ ಪಾಠವಲ್ಲ. ಫಲಿತಾಂಶ ಏನೆಂದು ಅಧ್ಯಾಪಕರಿಗೂ ಮೊದಲೇ ಗೊತ್ತಿಲ್ಲದ ಪ್ರಯೋಗವನ್ನು ವಿದ್ಯಾರ್ಥಿ ಕೈಗೆತ್ತಿಕೊಂಡಾಗ ಅವನ ವರ್ತನೆಯೇ ಬದಲಾಗುತ್ತದೆ ಎಂಬುದು ಪಾಠ. ಉತ್ತರ ಗೊತ್ತಿರುವ ಪ್ರಯೋಗದಲ್ಲಿ ಉತ್ತರವನ್ನು ನಕಲು ಮಾಡಬಹುದು. ಗೊತ್ತಿಲ್ಲದ ಪ್ರಯೋಗದಲ್ಲಿ ನಕಲು ಮಾಡಲು ಏನೂ ಇರುವುದಿಲ್ಲ.

ಈರುಳ್ಳಿ ಸಾಕು, ಕೆರೆಯ ನೀರು ಸಾಕು

ಅಂತಹ ಕಾರ್ಯಕ್ರಮಕ್ಕೆ ಹಣ ಬೇಕು, ವಂಶವಾಹಿ ವಿಶ್ಲೇಷಣೆಯ ಸೌಲಭ್ಯ ಬೇಕು, ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿಗೆ ಅದೆಲ್ಲಿಂದ ಬರಬೇಕು ಎಂಬ ಆಕ್ಷೇಪ ಸಹಜ. ಆದರೆ ಪಠ್ಯಕ್ರಮದಲ್ಲಿ ಈಗಾಗಲೇ ಇರುವ ಪ್ರಯೋಗಗಳನ್ನೇ ಸ್ವಲ್ಪ ತಿರುಗಿಸಿದರೆ ಇದೇ ಫಲ ಪಡೆಯಲು ಸಾಧ್ಯ.

ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗ ಪದವಿ ಓದಿದ ಪ್ರತಿಯೊಬ್ಬರಿಗೂ ಪರಿಚಿತ. ಈರುಳ್ಳಿಯ ಬುಡವನ್ನು ಲೋಟದ ನೀರಿಗೆ ತಾಗಿಸಿಟ್ಟು, ಬೇರು ಬಂದ ಮೇಲೆ ತುದಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ, ಹಂತಗಳ ಚಿತ್ರ ಬರೆದರೆ ಪ್ರಯೋಗ ಮುಗಿಯಿತು. ಇದೇ ಈರುಳ್ಳಿಯನ್ನು ಒಂದು ಲೋಟದಲ್ಲಿ ಶುದ್ಧ ನೀರಿನಲ್ಲೂ, ಇನ್ನೊಂದರಲ್ಲಿ ಊರ ಕೆರೆಯ ನೀರಿನಲ್ಲೂ, ಮತ್ತೊಂದರಲ್ಲಿ ಕೊಳವೆ ಬಾವಿಯ ನೀರಿನಲ್ಲೂ ಬೆಳೆಸಿದರೆ ಏನಾಗುತ್ತದೆ? ಬೇರಿನ ಉದ್ದ ಅಳೆಯಬಹುದು. ನೂರು ಕೋಶಗಳಲ್ಲಿ ಎಷ್ಟು ವಿಭಜನೆಯಾಗುತ್ತಿವೆ ಎಂದು ಎಣಿಸಬಹುದು. ವರ್ಣತಂತುಗಳು ತುಂಡಾಗಿವೆಯೇ ಎಂದು ಪರಿಶೀಲಿಸಬಹುದು. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಅಡಿಪಾಯ ಹಾಕಿದ ಈ ಪರೀಕ್ಷೆ ಇಂದಿಗೂ ಜಲಮಾಲಿನ್ಯದ ಪತ್ತೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬೆಂಗಳೂರಿನ ವಿದ್ಯಾರ್ಥಿಗೆ ವೃಷಭಾವತಿಯ ನೀರಿದೆ, ಬೆಳ್ಳಂದೂರಿನ ನೀರಿದೆ. ಖರ್ಚು ಈರುಳ್ಳಿಯದ್ದು ಮಾತ್ರ. ದೊರಕುವ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ.

ಇಂತಹ ಅವಕಾಶಗಳು ಪ್ರತಿ ಜಿಲ್ಲೆಯಲ್ಲೂ ಇವೆ. ರಾಮನಗರ, ಶಿಡ್ಲಘಟ್ಟದ ಕಡೆಯ ವಿದ್ಯಾರ್ಥಿಗೆ ರೇಷ್ಮೆ ಬಿತ್ತನೆ ಕೋಠಿಗಳೇ ತೆರೆದ ಪ್ರಯೋಗಾಲಯ. ಪೆಬ್ರಿನ್ ರೋಗದ ಪತ್ತೆಗೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ರೂಪಿಸಿದರು. ಅದು ಇಂದಿಗೂ ಅಲ್ಲಿ ನಿತ್ಯದ ಕೆಲಸ. ಬಾಳೆಹಣ್ಣಿನ ಸಿಪ್ಪೆ ಇಟ್ಟ ಬಾಟಲಿಗೆ ತಾವಾಗಿ ಬಂದು ಬೀಳುವ ಡ್ರೊಸೊಫಿಲಾ ಹಣ್ಣುನೊಣಗಳು ಅನುವಂಶೀಯತೆಯ ಪಾಠಕ್ಕೆ ಸಾಲುತ್ತವೆ. ಈ ನೊಣಗಳ ತಳಿಸಂಗ್ರಹ ಕೇಂದ್ರವೇ ಮೈಸೂರು ವಿಶ್ವವಿದ್ಯಾಲಯದಲ್ಲಿದೆ. ಕಾಲೇಜು ಆವರಣದ ಹೊಂಗೆ, ಬೇವು, ಹುಣಸೆ ಮರಗಳು ಯಾವ ವಾರ ಚಿಗುರಿದವು, ಯಾವ ವಾರ ಹೂ ಬಿಟ್ಟವು ಎಂದು ದಾಖಲಿಸುವ ‘ಸೀಸನ್‌ವಾಚ್’ ಯೋಜನೆ, ಪ್ರತಿ ಫೆಬ್ರವರಿಯಲ್ಲಿ ಕಾಲೇಜು ಆವರಣಗಳಲ್ಲಿ ನಡೆಯುವ ಹಕ್ಕಿ ಗಣತಿ ಇವು ಯಾವುದಕ್ಕೂ ಶುಲ್ಕವಿಲ್ಲ. ಒಬ್ಬ ವಿದ್ಯಾರ್ಥಿಯ ದಾಖಲೆ ಅಲ್ಪವೆನಿಸಬಹುದು. ಹತ್ತು ವರ್ಷ ಒಂದೇ ಮರವನ್ನು ಒಂದು ಕಾಲೇಜು ಗಮನಿಸಿದರೆ ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಅದು ಅಮೂಲ್ಯ ಸಾಮಗ್ರಿ.

ಕ್ಯಾಸನೂರು ಕಾಡಿನ ಕಥೆ

ಪ್ರಯೋಗಾಲಯವಷ್ಟೇ ಅಲ್ಲ, ಸಿದ್ಧಾಂತದ ತರಗತಿಯನ್ನೂ ಬದಲಿಸಲು ಸಾಧ್ಯ. ಕಾನೂನು ಹಾಗೂ ವೈದ್ಯಕೀಯ ಶಿಕ್ಷಣದಲ್ಲಿ ಬಳಕೆಯಲ್ಲಿದ್ದ ಪ್ರಕರಣ ಅಧ್ಯಯನ ವಿಧಾನವನ್ನು ವಿಜ್ಞಾನದ ತರಗತಿಗೆ ತಂದವರಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಕ್ಲೈಡ್ ಹೆರೀಡ್ ಪ್ರಮುಖರು. ನಿಜವಾಗಿ ನಡೆದ ಘಟನೆಯೊಂದನ್ನು ಬಿಡಿಬಿಡಿಯಾಗಿ ಮುಂದಿಟ್ಟು, ಪ್ರತಿ ಹಂತದಲ್ಲೂ ನಿಲ್ಲಿಸಿ, ಮುಂದೇನು ಮಾಡುವಿರಿ ಎಂದು ವಿದ್ಯಾರ್ಥಿಗಳನ್ನೇ ಕೇಳುವುದು ಈ ಕ್ರಮ.

ಇದಕ್ಕೆ ಕರ್ನಾಟಕದಲ್ಲಿರುವಷ್ಟು ಒಳ್ಳೆಯ ಸಾಮಗ್ರಿ ಬೇರೆಡೆ ದೊರಕುವುದು ಕಷ್ಟ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರಿಗೂ ತೀವ್ರ ಜ್ವರ ಬಂತು. ಏಷ್ಯಾದಲ್ಲಿ ಅದುವರೆಗೂ ಕಾಣಿಸದಿದ್ದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೊದಲು ಎದ್ದಿತು. ಇಲ್ಲಿ ಅಧ್ಯಾಪಕರು ನಿಲ್ಲಬಹುದು: ಇದು ಹಳದಿ ಜ್ವರವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಮುಂದಿನ ಸುಳಿವು: ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ದೊರೆತ ವೈರಸ್ ಹಳದಿ ಜ್ವರದ್ದಲ್ಲ, ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು. ಮತ್ತೆ ಪ್ರಶ್ನೆ: ಹಾಗಿದ್ದರೆ ಹರಡುವುದು ಸೊಳ್ಳೆಯೋ, ಬೇರೇನೋ? ಕೊನೆಗೆ ಉಣ್ಣೆ ಅಥವಾ ಉಣುಗಿನ ಪಾತ್ರ ಬಯಲಾಗುತ್ತದೆ. ಕಾಡು, ದನಗಳ ಮೇಯುವಿಕೆ, ಉಣುಗಿನ ಜೀವನಚಕ್ರ, ಬೇಸಿಗೆಗೆ ಮೊದಲಿನ ಒಣ ತಿಂಗಳುಗಳಲ್ಲೇ ರೋಗ ಉಲ್ಬಣಿಸುವ ಕಾರಣ ಎಲ್ಲವೂ ಒಂದೇ ಕಥೆಯೊಳಗೆ ಹೆಣೆದುಕೊಳ್ಳುತ್ತವೆ. ವೈರಾಣುಶಾಸ್ತ್ರ, ಪರಿಸರ ವಿಜ್ಞಾನ, ರೋಗನಿರೋಧಕ ಶಾಸ್ತ್ರಗಳನ್ನು ಮೂರು ಪ್ರತ್ಯೇಕ ಘಟಕಗಳಲ್ಲಿ ಬಾಯಿಪಾಠ ಮಾಡುವ ವಿದ್ಯಾರ್ಥಿ ಅವುಗಳ ನಡುವಿನ ನಂಟನ್ನು ಇಲ್ಲಿ ಕಾಣುತ್ತಾನೆ. ಮಲೆನಾಡಿನ ವಿದ್ಯಾರ್ಥಿಗಂತೂ ಮಂಗನ ಕಾಯಿಲೆ ಮನೆಬಾಗಿಲಿನ ಸಂಗತಿ. ಈ ಚರ್ಚೆ ಕನ್ನಡದಲ್ಲಿಯೇ ನಡೆದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆಂಬುದು ಬೇರೆ ಮಾತು.

ಇದು ನಮಗೆ ಹೊಸತೂ ಅಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿ ಗಿಡಮರಗಳನ್ನು ಪರಿಚಯಿಸಿಕೊಂಡ ಅನುಭವವೇ ‘ಹಸುರು ಹೊನ್ನು’ ಕೃತಿ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ 1990ರ ದಶಕದಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಕಾಲೇಜು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳನ್ನು ಜೀವವೈವಿಧ್ಯದ ದಾಖಲೀಕರಣದಲ್ಲಿ ತೊಡಗಿಸಿದ್ದರು. ಪರಂಪರೆ ಇದೆ, ವ್ಯವಸ್ಥೆಯಲ್ಲಿ ಅದಕ್ಕೆ ಜಾಗವಿಲ್ಲ.

ಅಡ್ಡಿ ಇರುವುದೆಲ್ಲಿ?

ಹಾಗಿದ್ದರೆ ಇವೆಲ್ಲ ಏಕೆ ಆಗುತ್ತಿಲ್ಲ? ಅಧ್ಯಾಪಕರಲ್ಲಿ ಸೃಜನಶೀಲತೆಯ ಕೊರತೆಯಿದೆ ಎಂದು ತೀರ್ಪು ನೀಡುವುದು ಸುಲಭ. ಆದರೆ ಅದು ಅರ್ಧಸತ್ಯವೂ ಅಲ್ಲ. ಸೂಕ್ಷ್ಮದರ್ಶಕದ ಕೊರತೆಯನ್ನೂ ಪೂರ್ಣ ಕಾರಣವೆನ್ನಲಾಗದು. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಸ್ಟಾರ್ ಕಾಲೇಜು ಯೋಜನೆಯಡಿ ಹಲವು ಪದವಿ ಕಾಲೇಜುಗಳಿಗೆ ಉಪಕರಣಗಳಿಗೆ ಅನುದಾನ ದೊರೆತಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ 2014ರಲ್ಲಿ ಜಗತ್ತಿಗೆ ಪರಿಚಯಿಸಿದ, ಕಾಗದ ಮಡಚಿ ಮಾಡುವ ‘ಫೋಲ್ಡ್‌ಸ್ಕೋಪ್’ ಸೂಕ್ಷ್ಮದರ್ಶಕವನ್ನೂ ಅದೇ ಇಲಾಖೆ ದೇಶದ ಶಾಲಾ ಕಾಲೇಜುಗಳಿಗೆ ತಲುಪಿಸಿದೆ.

ನಿಜವಾದ ಅಡ್ಡಿ ಇರುವುದು ಮೌಲ್ಯಮಾಪನದಲ್ಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಸಿಗುವುದು ನಿಗದಿತ ಪ್ರಯೋಗದ ನಿಗದಿತ ಫಲಿತಾಂಶಕ್ಕೆ, ಅಂದವಾದ ರೆಕಾರ್ಡಿಗೆ, ಸ್ಪಾಟರ್ ಗುರುತಿಸುವುದಕ್ಕೆ. ಕೆರೆ ನೀರಿನಲ್ಲಿ ಬೆಳೆದ ಈರುಳ್ಳಿ ಬೇರು ನಿರೀಕ್ಷೆಗಿಂತ ಚೆನ್ನಾಗಿ ಬೆಳೆದರೆ ಅದೇಕೆಂದು ಯೋಚಿಸಿದವನಿಗೆ ಅಂಕವಿಲ್ಲ. ಹಾಗಿರುವಾಗ ವಿದ್ಯಾರ್ಥಿ ಯೋಚಿಸುವುದಾದರೂ ಏಕೆ?

ಎರಡನೆಯ ಅಡ್ಡಿ ಬೋಧಕರ ಸ್ಥಿತಿ. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2023ರ ನವೆಂಬರ್‌ನಲ್ಲಿ ಆರಂಭವಾದ ಮುಷ್ಕರದ ಹೊತ್ತಿಗೆ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ವಾರಗಟ್ಟಲೆ ತರಗತಿಗಳು ನಿಂತಾಗಲೇ ಕಾಲೇಜುಗಳು ಯಾರ ಹೆಗಲ ಮೇಲಿವೆ ಎಂಬುದು ಸಾರ್ವಜನಿಕರಿಗೆ ಅರಿವಾದದ್ದು. ಬರುವ ವರ್ಷ ತಾನು ಅದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದ ಬೋಧಕನಿಂದ ಹತ್ತು ವರ್ಷ ಮರವೊಂದನ್ನು ಗಮನಿಸುವ ಯೋಜನೆಯನ್ನು ನಿರೀಕ್ಷಿಸುವುದು ಹೇಗೆ? ವಿದ್ಯಾರ್ಥಿಗಳನ್ನು ಕೆರೆಯಂಗಳಕ್ಕೆ ಕರೆದೊಯ್ದ ಮಧ್ಯಾಹ್ನ ಅವನ ಕಾರ್ಯಭಾರದ ಲೆಕ್ಕಕ್ಕೆ ಸೇರದಿದ್ದರೆ ಅವನು ಹೋಗುವುದಾದರೂ ಏಕೆ? ಮೂರನೆಯದು ಪಠ್ಯಕ್ರಮದ ಅಸ್ಥಿರತೆ. ಹೊಸ ವಿಧಾನವೊಂದು ತರಗತಿಯಲ್ಲಿ ಪಳಗಲು ಎರಡು ಮೂರು ವರ್ಷ ಬೇಕು. ಅಷ್ಟರೊಳಗೆ ಪಠ್ಯಕ್ರಮವೇ ಬದಲಾದರೆ ಅಧ್ಯಾಪಕರು ಮತ್ತೆ ಟಿಪ್ಪಣಿಗೆ ಶರಣಾಗುವುದು ಅನಿವಾರ್ಯ.

ವಿಜ್ಞಾನ ದಿನದಂದು ಮಾದರಿ ಸ್ಪರ್ಧೆ, ರಸಪ್ರಶ್ನೆ, ಒಂದು ಪ್ರವಾಸ ಇವುಗಳಿಂದ ವಾರ್ಷಿಕ ವರದಿ ತುಂಬುತ್ತದೆ. ಉಳಿದ ದಿನಗಳ ತರಗತಿಯಲ್ಲಿ ಅವುಗಳಿಂದ ಯಾವ ಬದಲಾವಣೆಯೂ ಆಗದು.

ಆಗಬೇಕಾದದ್ದು

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮನಸ್ಸು ಮಾಡಿದರೆ ಇದನ್ನು ಸರಿಪಡಿಸಲು ಭಾರಿ ಅನುದಾನವೇನೂ ಬೇಕಿಲ್ಲ. ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ ಒಂದು ಪ್ರಯೋಗವನ್ನು ಫಲಿತಾಂಶ ನಿಗದಿಪಡಿಸದೆ ಬಿಡಲಿ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಣನೀಯ ಪಾಲು ಅಂಕ ಮೀಸಲಿಡಲಿ. ಅಂಕ ನೀಡುವುದು ಫಲಿತಾಂಶಕ್ಕಲ್ಲ, ಪ್ರಶ್ನೆ ರೂಪಿಸಿದ ರೀತಿಗೆ, ಹೋಲಿಕೆಗೆ ಇಟ್ಟ ಮಾದರಿಗೆ, ತಪ್ಪುಗಳನ್ನು ವಿವರಿಸಿದ ಪ್ರಾಮಾಣಿಕತೆಗೆ. ನಕಲು ರೆಕಾರ್ಡಿನ ಬದಲು ದಿನಾಂಕ ನಮೂದಿಸಿದ, ಕೈಬರಹದ ಕ್ಷೇತ್ರ ಟಿಪ್ಪಣಿ ಪುಸ್ತಕ ಕಡ್ಡಾಯವಾಗಲಿ. ಅದು ಕನ್ನಡದಲ್ಲಿದ್ದರೂ ಮಾನ್ಯವಾಗಲಿ. ಕ್ಷೇತ್ರಾಧ್ಯಯನದ ಗಂಟೆಗಳು ಅತಿಥಿ ಉಪನ್ಯಾಸಕರೂ ಸೇರಿದಂತೆ ಎಲ್ಲರ ಕಾರ್ಯಭಾರದಲ್ಲಿ ಎಣಿಕೆಯಾಗಲಿ. ಸರ್ಕಾರದ ಕಡೆಯಿಂದ ಆಗಬೇಕಾದದ್ದು ಇನ್ನೂ ಸರಳ: ಈಗಿರುವ ಪದವಿ ರಚನೆಯನ್ನು ಮುಂದಿನ ಕೆಲವು ವರ್ಷ ಅಲುಗಾಡಿಸದಿರುವುದು.

ಹೀಗೆ ಮಾಡಿದರೆ ಪಾಠ ಮುಗಿಯುವುದಿಲ್ಲ ಎಂಬ ಆತಂಕ ಅಧ್ಯಾಪಕರಲ್ಲಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ಕೆಲವು ಘಟಕಗಳನ್ನು ಕೈಬಿಡಲೇಬೇಕಾಗುತ್ತದೆ. ಆದರೆ ಮುಗಿದ ಪಾಠವೆಲ್ಲ ಕಲಿತ ಪಾಠವಲ್ಲವೆಂಬುದು ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರ ಪತ್ರಿಕೆ ತಿದ್ದಿದ ಪ್ರತಿಯೊಬ್ಬರಿಗೂ ತಿಳಿದಿರುವ ಸತ್ಯ.

ಆ್ಯಂಟಿಬಯೋಟಿಕ್‌ಗೆ ಬಗ್ಗದ ಸೋಂಕುಗಳು, ಲಸಿಕೆಗಳ ಕುರಿತ ವದಂತಿಗಳು, ಸಾಯುತ್ತಿರುವ ಕೆರೆಗಳು, ಮಲೆನಾಡನ್ನು ಮತ್ತೆ ಮತ್ತೆ ಕಾಡುವ ಮಂಗನ ಕಾಯಿಲೆ ಇವೆಲ್ಲವೂ ಜೀವಶಾಸ್ತ್ರದ ಪ್ರಶ್ನೆಗಳೇ. ಇವುಗಳನ್ನು ಎದುರಿಸಬೇಕಾದ ಪೀಳಿಗೆ ಈಗ ರಾಜ್ಯದ ಪದವಿ ತರಗತಿಗಳಲ್ಲಿ ಕುಳಿತು ಇನ್ನೊಬ್ಬರ ರೆಕಾರ್ಡಿನಿಂದ ಚಿತ್ರ ಇಳಿಸಿಕೊಳ್ಳುತ್ತಿದೆ. ಪದವಿ ಎಷ್ಟು ವರ್ಷದ್ದು ಎಂಬುದು ಇತ್ಯರ್ಥವಾಗಿದೆ. ಆ ವರ್ಷಗಳಲ್ಲಿ ವಿದ್ಯಾರ್ಥಿ ಒಮ್ಮೆಯಾದರೂ ತನ್ನದೇ ಪ್ರಶ್ನೆಗೆ ತಾನೇ ಉತ್ತರ ಹುಡುಕುತ್ತಾನೆಯೇ ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.